ಹಿಂದಿನ ಬಾಡಿಗೆಯವಳಿಗೊಂದು ಬಟ್ಟಲು ಸೋಬಾ

ನಿಶಿಗಾಕಿ ಫುಸಾಕೊ ದೆವ್ವದ ಕಾದಂಬರಿಗಳನ್ನು ಮಾಂಗಾ ಚಿತ್ರಕಥೆ ಮಾಡಲು ಒಪ್ಪಿಕೊಂಡಿದ್ದಾಳೆ ಎಂಬ ಸುದ್ದಿ ಹಬ್ಬಿದಾಗ ಅವಳನ್ನು ಬಲ್ಲವರೆಲ್ಲ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ನನಗೆ ಫೋನ್ ಮಾಡಿ ಅವಳ ಆರೋಗ್ಯ ವಿಚಾರಿಸಿದರು. ಅವಳಷ್ಟು ಪುಕ್ಕಲಿ ಟೋಕಿಯೋದ ಅಂಚಿನ ನಮ್ಮ ಹಾಚಿಯೋಜಿಯಲ್ಲಿ ಇನ್ನೊಬ್ಬಳಿರಲಿಲ್ಲ. ಮನೆಯಲ್ಲಿ ಒಬ್ಬಳೇ ಇರುವಾಗ ಬಚ್ಚಲಿಗೆ ಹೋಗಬೇಕಾದರೂ ರೇಡಿಯೋ ಹೊತ್ತುಕೊಂಡು ಹೋಗುತ್ತಿದ್ದಳು. ಹಾಸಿಗೆ ಇಡುವ ಗೋಡೆಬೀರಿನ ಬಾಗಿಲು ಸರಿಸುವ ಮುಂಚೆ ಗಟ್ಟಿಯಾಗಿ ಕೆಮ್ಮುತ್ತಿದ್ದಳು. ಒಳಗೆ ಯಾರಾದರೂ ಇದ್ದರೆ ಮರ್ಯಾದೆಯಾಗಿ ಎದ್ದು ಹೋಗಲು ಅವರಿಗೂ ಸ್ವಲ್ಪ ಸಮಯ ಬೇಕಲ್ಲ ಎಂಬುದು ಅವಳ ವಾದ.

ನಾನು ಒಕಿತ್ಸು. ಅವಳಿಗಿಂತ ಸ್ವಲ್ಪ ದೊಡ್ಡವಳು, ಮೊದಲಿನಿಂದಲೂ ಅವಳ ಜೊತೆ ಕೆಲಸ ಮಾಡಿದವಳು. ಅವಳ ಮಾಂಗಾದಲ್ಲಿ ಮನುಷ್ಯರೆಲ್ಲ ಅವಳವರು. ಗೋಡೆ, ಕಿಟಕಿ, ಮೆಟ್ಟಿಲು, ಒಲೆ, ಒಲೆಯ ಮೇಲಿನ ಪಾತ್ರೆ ನನ್ನವು. ಹೊಗಳಿಕೆ ಬಂದರೆ ಅವಳಿಗೆ, ಕಿಟಕಿ ಸೊಟ್ಟಗಿದ್ದರೆ ನನಗೆ. ಇದರ ಬಗ್ಗೆ ನನಗೇನೂ ಬೇಸರವಿಲ್ಲ. ಇದ್ದರೂ ಇಲ್ಲಿ ಹೇಳುವುದಿಲ್ಲ.

ಅವಳು ಹುಟ್ಟಿದ್ದು ಮಿತೊ ಊರಿನ ಒಂದು ಸಾರ್ವಜನಿಕ ಸ್ನಾನದ ಮನೆಯಲ್ಲಿ. ಅಪ್ಪ ನೀರು ಕಾಯಿಸುತ್ತಿದ್ದ, ಅಮ್ಮ ಬಾಗಿಲಲ್ಲಿ ಕೂತು ಚೀಟಿ ಕೊಡುತ್ತಿದ್ದಳು, ಮಗಳು ಆವಿ ಹಿಡಿದ ಕನ್ನಡಿಗಳ ಮೇಲೆ ಬೆರಳಲ್ಲಿ ಗಿರಾಕಿಗಳ ಮುಖ ಬರೆಯುತ್ತಿದ್ದಳು. ಅಜ್ಜಿಯರು ಸೋಪು ಹಚ್ಚಿಕೊಂಡೇ ಬಂದು, ಗಲ್ಲ ಸ್ವಲ್ಪ ಇಳಿಸು, ಕಣ್ಣು ಸ್ವಲ್ಪ ದೊಡ್ಡದು ಮಾಡು ಎಂದು ಹಟ ಹಿಡಿಯುತ್ತಿದ್ದರಂತೆ. ಏನೂ ಕೇಳದವಳೆಂದರೆ ಒಬ್ಬಳೇ ಮುದುಕಿ. ಎಲ್ಲರೂ ಹೋದ ಮೇಲೆ ಬಂದು, ಮೂಲೆಯಲ್ಲಿ ಮೈ ತೊಳೆದುಕೊಂಡು, ಸದ್ದಿಲ್ಲದೆ ಹೋಗುವವಳು. ಇಂಥ ಕಡೆ ಬೆಳೆದದ್ದರಿಂದ ಫುಸಾಕೊಗೆ ಎಲ್ಲರನ್ನೂ ಚಂದಗಾಣಿಸುವ ಚಟ ಅಂಟಿತು. ಟೋಕಿಯೋಗೆ ಬಂದು ಊಟದ ಅಂಗಡಿ ನಡೆಸುವ ಒಂದು ಬೆಕ್ಕಿನ ಮಾಂಗಾ ಬರೆದಳು. ವರ್ಷಗಟ್ಟಲೆ ಓಡಿತು. ನಿಜವಾದ ಬೆಕ್ಕು ಹತ್ತಿರ ಸುಳಿದರೆ ಇವಳಿಗೆ ಸೀನು ನಿಲ್ಲುತ್ತಿರಲಿಲ್ಲ ಎಂಬ ಗುಟ್ಟನ್ನು ನಾನು ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಓದುಗರಿಗೆ ಬೆಕ್ಕು ಸಾಕಾಯಿತು. ಮಾಂಗಾ ನಿಂತಿತು. ಬೇರೆ ಯಾವ ಪತ್ರಿಕೆಯೂ ಕರೆಯಲಿಲ್ಲ. ಆ ಚಳಿಗಾಲ ಫುಸಾಕೊ ಕೆಟಲಿನ ಆವಿ ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಲ್ಲಿ ಬರೆಯುತ್ತ, ಅದು ಇಳಿದುಹೋಗುವುದನ್ನು ನೋಡುತ್ತ ಕೂತಿರುತ್ತಿದ್ದಳು. ಅಷ್ಟರಲ್ಲಿ ಕುಸುಮೊತೊ ಎಂಬ ಸಂಪಾದಕನ ಫೋನ್ ಬಂತು. ಇವಳು ಅಭ್ಯಾಸಬಲದಿಂದ ಮೊದಲು ಹೂಂ ಎಂದಳು, ಬಗ್ಗಿ ಬಗ್ಗಿ ಫೋನಿಗೇ ನಮಸ್ಕಾರ ಮಾಡಿದಳು, ಆಮೇಲೆ ಕೆಲಸ ಏನೆಂದು ಕೇಳಿದಳು. ಕೇಳಿದ ಮೇಲೆ ಅಲ್ಲೇ ಚಾಪೆಯ ಮೇಲೆ ಕುಸಿದು ಕೂತಳು.

ಕೆಲಸ ಇದು. ಉಶಿಗೊಮೆ ಎಂಬ ಹಿರಿಯ ಕಾದಂಬರಿಕಾರರ ‘ಹಿಂದಿನ ಬಾಡಿಗೆಯವಳು’ ಎಂಬ ಕಾದಂಬರಿ ಸರಣಿಯನ್ನು ಅವನ ದೆವ್ವದ ಮಾಸಪತ್ರಿಕೆಗೆ ಮಾಂಗಾ ಮಾಡಬೇಕು. ಪ್ರತಿ ಪುಸ್ತಕದಲ್ಲೂ ಬೇರೆ ಬೇರೆ ಮನೆ, ಬೇರೆ ಬೇರೆ ಹೊಸ ಬಾಡಿಗೆದಾರರು, ಗೋಡೆಬೀರಿನೊಳಗೆ ಮಾತ್ರ ಅದೇ ಒಬ್ಬ ಹೆಂಗಸು. ಆ ಪುಸ್ತಕಗಳಲ್ಲಿ ಎಲ್ಲೂ ಅವಳ ಮುಖದ ವರ್ಣನೆಯಿಲ್ಲ. ನೋಡಿದವರು ಯಾರೂ ಹೇಳಲಿಲ್ಲ ಎಂದು ಒಂದೇ ಮಾತು ಬರೆದು ಮುದುಕರು ಕೈತೊಳೆದುಕೊಂಡಿದ್ದರು. ಮಾಂಗಾದಲ್ಲಿ ಹಾಗೆ ಜಾರಿಕೊಳ್ಳಲಾಗದು, ಮುಖ ಬರೆಯಲೇಬೇಕು. ಹಿಂದೆ ಇಬ್ಬರು ಕಲಾವಿದರು ಬರೆದು ತಂದಿದ್ದರು. ಒಬ್ಬನದ್ದು ಕೋರೆಹಲ್ಲು, ಇನ್ನೊಬ್ಬನದ್ದು ಕಣ್ಣಿಲ್ಲದ ಕುಳಿ. ಇದು ಸುಳ್ಳು ಮುಖ ಎಂದು ಹೇಳಿ ಉಶಿಗೊಮೆ ಇಬ್ಬರನ್ನೂ ವಾಪಸು ಕಳಿಸಿದ್ದರು. ಮೊದಲ ಕಂತು ಮುಗಿದ ಮೇಲೆ ಅವರೇ ಬಂದು ನೋಡುತ್ತಾರೆ, ಅವರು ಒಪ್ಪಿದರೆ ಮಾತ್ರ ಅಚ್ಚು. ಒಪ್ಪದಿದ್ದರೆ ಪೆನ್ನು ಕೆಳಗಿಟ್ಟು ಮಿತೊಗೆ ಹೋಗಿ ಈಗ ಅಣ್ಣ ನಡೆಸುವ ಸ್ನಾನದ ಮನೆಯಲ್ಲಿ ಚೀಟಿ ಕೊಡುತ್ತೇನೆ ಎಂದು ಫುಸಾಕೊ ಹೇಳಿದಳು. ತಮಾಷೆಗೆ ಹೇಳಿದ್ದಲ್ಲವೆಂದು ನನಗೆ ಗೊತ್ತಿತ್ತು.

ಮಾಂಗಾದವರೆಂದರೆ ರಾತ್ರಿ ಎದ್ದಿದ್ದು ಹಗಲು ಮಲಗುವ ಜಾತಿ. ನಾವು ಮಾತ್ರ ಸೂರ್ಯ ಹುಟ್ಟಿದ ಮೇಲೆ ಪೆನ್ನು ಹಿಡಿದು, ಹೊತ್ತು ಇಳಿಯುತ್ತಲೇ ಅಂಗಡಿ ಮುಚ್ಚುತ್ತಿದ್ದೆವು. ಬರೆದ ಹಾಳೆಗಳನ್ನು ಬೋರಲು ಹಾಕಿ, ಅದರ ಮೇಲೆ ಸೋಯಾ ಸಾಸಿನ ದೊಡ್ಡ ಬಾಟಲಿ ಹೇರಿ, ಅವಳು ನನ್ನನ್ನು ಮನೆಗೆ ಕಳಿಸುತ್ತಿದ್ದಳು. ಕಾದಂಬರಿ ತಾನೇ ಓದುವ ಧೈರ್ಯವಿಲ್ಲದ್ದರಿಂದ ಅದನ್ನೂ ನಾನೇ ಗಟ್ಟಿಯಾಗಿ ಓದಿ ಹೇಳಬೇಕಿತ್ತು, ಅದೂ ನಟ್ಟ ನಡು ಮಧ್ಯಾಹ್ನ, ಸ್ಟೇಷನ್ ಎದುರಿನ ಹೋಟೆಲಿನಲ್ಲಿ, ಮಕ್ಕಳುಮರಿ ಗಲಾಟೆ ಮಾಡುವ ಕಡೆಯೇ. ಅವಳು ಒಂದು ಕಿವಿ ಮುಚ್ಚಿಕೊಂಡು ಕೇಳುತ್ತಿದ್ದಳು. ಬೀರಿನ ಬಾಗಿಲು ತಾನಾಗಿ ಸರಿಯುವ ಭಾಗ ಓದುವಾಗ ನಾನು ತಲೆಯೆತ್ತಿ ನೋಡಿದರೆ, ಪಕ್ಕದ ಮೇಜಿನ ಮಕ್ಕಳು ಚಮಚ ಬಾಯಲ್ಲಿಟ್ಟುಕೊಂಡು ಕಲ್ಲಾಗಿದ್ದರು. ಅವರ ತಾಯಿ ನನ್ನನ್ನು ನೋಡಿದ ನೋಟಕ್ಕೆ ನಾವು ಹೋಟೆಲು ಬದಲಾಯಿಸಬೇಕಾಯಿತು.

ಮುಖ ಮಾತ್ರ ಬಗ್ಗಲೇ ಇಲ್ಲ. ಎಷ್ಟು ಕೆಟ್ಟದಾಗಿ ಬರೆಯಹೋದರೂ ಅವಳ ಕೈಯಲ್ಲಿ ಗುಂಡು ಕೆನ್ನೆಯ, ಈಗಲೇ ಮೀನು ಹುರಿದು ಕೊಡುತ್ತೇನೆ ಎನ್ನುವ ಮುಖವೇ ಬರುತ್ತಿತ್ತು. ಕೋಡು ಇಟ್ಟರೆ ಅದು ಬೆಕ್ಕಿನ ಕಿವಿಯಂತೆ ಕಾಣುತ್ತಿತ್ತು. ಕನ್ನಡಿ ಎದುರು ಕೂತು ಕಣ್ಣು ಮೇಲೆ ಮಾಡಿ, ನಾಲಿಗೆ ಇಳಿಬಿಟ್ಟು ನೋಡಿದಳು. ತನ್ನ ಪ್ರತಿಬಿಂಬ ಕಂಡು ತಾನೇ ಕಿಟಾರನೆ ಕಿರುಚಿ ಮಸಿಯ ಸೀಸೆ ಉರುಳಿಸಿದಳು. ಕೆಳಗಿನ ಸೈಕಲ್ ಅಂಗಡಿಯವನು ಪಂಪು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಓಡಿ ಬಂದ. ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತು. ಕೊನೆಗೆ ಬೀರಿನೊಳಗೆ ಮುದುಡಿ ಕೂತ ಮೈ ಬರೆದು, ಮುಖದ ಜಾಗ ಬೆಳ್ಳಗೆ ಬಿಟ್ಟು, ಉಳಿದ ಪುಟಗಳನ್ನೆಲ್ಲ ಮುಗಿಸಿದೆವು.

ಉಶಿಗೊಮೆ ಬರುವ ಹಿಂದಿನ ದಿನ ಬೆಳಿಗ್ಗೆ ಕುಸುಮೊತೊ ಬಂದ. ಕಾಲೇಜಿನಲ್ಲಿ ಸುಮೋ ಕುಸ್ತಿ ಆಡಿದ ಆಳು, ಬಾಗಿಲಲ್ಲಿ ಪಕ್ಕಕ್ಕೆ ತಿರುಗಿ ಒಳಗೆ ಬರಬೇಕು. ಹಾಳೆಗಳನ್ನು ಒಂದೊಂದೇ ನೋಡುತ್ತ ತಲೆದೂಗಿದ. ಆಮೇಲೆ ಮತ್ತೆ ಮೊದಲಿಂದ ಎಣಿಸಿದ. ಅವನ ಮುಖದ ಬಣ್ಣ ಇಳಿಯಿತು. ಮೊದಲ ಪುಟ ಯಾವ ಕಡೆ ಬರುತ್ತದೆಂದು ಲೆಕ್ಕ ಹಾಕಿದ್ದೀರಿ ಎಂದು ಮೆಲ್ಲಗೆ ಕೇಳಿದ. ಎಡಗಡೆ, ಮತ್ತೆಲ್ಲಿ, ಎಂದಳು ಫುಸಾಕೊ. ಬೆಕ್ಕಿನ ಪತ್ರಿಕೆಯಲ್ಲಿ ಎಲ್ಲ ಕಥೆಯೂ ಎಡಪುಟದಿಂದ ಶುರುವಾಗುತ್ತಿತ್ತು. ದೆವ್ವದ ಪತ್ರಿಕೆಯಲ್ಲಿ ಎಲ್ಲವೂ ಬಲಪುಟದಿಂದ ಶುರು.

ಇದು ಹೊರಗಿನವರಿಗೆ ಕೂದಲು ಸೀಳಿದಂತೆ ಕಾಣಬಹುದು, ನಮಗೆ ಪ್ರಾಣ ಹೋಗುವ ವಿಷಯ. ಜಪಾನಿನಲ್ಲಿ ನಾವು ಬಲಪುಟ ಓದಿ, ಎಡಪುಟ ಓದಿ, ಆಮೇಲೆ ಮಗುಚುತ್ತೇವೆ. ಎದೆ ಝಲ್ಲೆನ್ನುವ ಚಿತ್ರ ಮಗುಚಿದ ಮೇಲೆಯೇ ಸಿಗಬೇಕು. ಒಂದೇ ಒಂದು ಪುಟ ಆಚೀಚೆ ಆದರೂ, ಮನೆಗೆ ಹೊಸದಾಗಿ ಬಂದ ಹುಡುಗಿ ಬಲಗಡೆ ಇನ್ನೂ ಸಾಮಾನಿನ ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ಎಡಗಡೆಯಿಂದ ಬೀರಿನವಳು ಇಣುಕುತ್ತ ಕೂತಿರುತ್ತಾಳೆ. ಹೆದರುವವರು ಯಾರು?

ತಿಂಗಳು ತಿಂಗಳೂ ಪತ್ರಿಕೆ ಕಳಿಸ್ತಿದ್ದೆನಲ್ಲ ಎಂದು ಕುಸುಮೊತೊ ಅಳುವ ದನಿಯಲ್ಲಿ ಕೇಳಿದ. ಕಳಿಸಿದ್ದ, ಸುಳ್ಳಲ್ಲ. ಎಲ್ಲ ಸಂಚಿಕೆಗಳೂ ಕಪಾಟಿನಲ್ಲಿದ್ದವು. ತಾವಾಗಿ ತೆರೆದುಕೊಳ್ಳದಿರಲಿ ಎಂದು ಫುಸಾಕೊ ಪ್ರತಿಯೊಂದಕ್ಕೂ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಟ್ಟಿದ್ದಳು. ಅದನ್ನು ನೋಡಿ ಆ ಗುಡ್ಡದಂಥ ಮನುಷ್ಯ ಮೊದಲು ತಲೆಯ ಮೇಲೆ ಕೈ ಹೊತ್ತ, ಆಮೇಲೆ ನಗಲು ಶುರುಮಾಡಿದ, ಅವನ ನಗೆ ನನಗೂ ಅಂಟಿತು. ನಗು ನಿಂತ ಮೇಲೆ ನೋಡಿದರೆ ಫುಸಾಕೊ ಅಳುತ್ತಿದ್ದಳು. ಒಂದು ಜಾಹೀರಾತು ತೆಗೆಸಿ ಒಂದು ಪುಟದ ಜಾಗ ಮಾಡಿಕೊಡುತ್ತೇನೆ, ನಾಳೆ ಮಧ್ಯಾಹ್ನದೊಳಗೆ ಹುಡುಗಿಗೂ ಬೀರಿಗೂ ನಡುವೆ ಒಂದು ಪುಟ ತುಂಬಿಸಿ ಎಂದು ಹೇಳಿ ಅವನು ಓಡಿದ.

ನಾನು ತೋಚಿದ್ದನ್ನೆಲ್ಲ ಹೇಳಿದೆ. ಗಡಿಯಾರ ಬರೆಯೋಣ, ಕಾಗೆ ಬರೆಯೋಣ, ನಲ್ಲಿ ತೊಟ್ಟಿಕ್ಕಲಿ. ಅವಳು ಮೂಗು ಒರೆಸಿಕೊಳ್ಳುತ್ತ, ಪೆಟ್ಟಿಗೆ ಬಿಚ್ಚುತ್ತಿದ್ದ ಹುಡುಗಿಯನ್ನೇ ನೋಡುತ್ತಿದ್ದಳು.

“ಅಕ್ಕಾ, ಈ ಹುಡುಗಿ ಸೋಬಾನೇ ಕೊಟ್ಟಿಲ್ಲ.”

“ಯಾರಿಗೆ?”

“ಯಾರಿಗೂ. ಹೊಸ ಮನೆಗೆ ಬಂದೋಳು ಅಕ್ಕಪಕ್ಕದವ್ರಿಗೆ ಒಂದೊಂದು ಬಟ್ಟಲು ಸೋಬಾ ಶಾವಿಗೆ ಕೊಟ್ಟು, ಬಂದಿದ್ದೀನಿ, ನಿಮ್ಮ ದಯೆ ಇರ್ಲಿ ಅನ್ನಬೇಡ್ವಾ? ಸೀದಾ ಬಂದು ಪೆಟ್ಟಿಗೆ ಬಿಚ್ಚೋಕೆ ಕೂತವ್ಳೆ. ಎಂಥಾ ಮನೆತನದೋಳು ಇವ್ಳು?”

ದೆವ್ವದ ಕಥೆಯಲ್ಲಿ ನಿನ್ನದೊಂದು ಮರ್ಯಾದೆ ಪಾಠ ಬೇರೆ ಎಂದು ನಾನು ರೇಗಿದೆ. ಅವಳಿಗೆ ಕೇಳಿಸಲೇ ಇಲ್ಲ.

“ಮತ್ತೆ ಬೀರಲ್ಲಿರೋಳು? ಅವಳಿಗಿಂತ ಹತ್ತಿರದ ನೆರೆಯೋಳು ಯಾರಿದ್ದಾರೆ ಹೇಳು. ಎಷ್ಟು ಮನೆ, ಎಷ್ಟು ಜನ ಬಂದ್ರು ಹೋದ್ರು. ಒಬ್ರಾದ್ರೂ ಅವಳಿಗೆ ಒಂದು ಬಟ್ಟಲು ಕೊಟ್ರಾ?”

ಅವಳು ಆಗಲೇ ಚೌಕಗಳ ಗೆರೆ ಎಳೆಯುತ್ತಿದ್ದಳು. ಹುಡುಗಿ ತಟ್ಟೆ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುತ್ತಾಳೆ, ಎಲ್ಲರೂ ಬಗ್ಗಿ ತೆಗೆದುಕೊಳ್ಳುತ್ತಾರೆ, ಒಂದು ಮನೆಗೆ ಬೀಗ. ಒಂದು ಬಟ್ಟಲು ಉಳಿಯುತ್ತದೆ. ದಂಡವಾಗುತ್ತದಲ್ಲ ಎಂದು ಹುಡುಗಿ ಅರ್ಧ ತಮಾಷೆಗೆ ಅದನ್ನು ಗೋಡೆಬೀರಿನ ಮುಂದಿಟ್ಟು ಕೈ ಮುಗಿಯುತ್ತಾಳೆ. ಕೊನೆಯ ಚೌಕದಲ್ಲಿ ಮುಚ್ಚಿದ ಬಾಗಿಲು, ಬಟ್ಟಲು, ಆವಿ. ಬಾಗಿಲುಗಳೆಲ್ಲ ನನ್ನವು, ಬಟ್ಟಲೂ ನನ್ನದು. ಆವಿ ಮಾತ್ರ ತಾನೇ ಬರೆಯುತ್ತೇನೆಂದು ಪೆನ್ನು ಕಿತ್ತುಕೊಂಡಳು.

ಮರುದಿನ ಬೆಳಿಗ್ಗೆ ನಾನು ಬಂದಾಗ ಅವಳು ಮುಂದಿನ ಪುಟ ಎದುರಿಗೆ ಇಟ್ಟುಕೊಂಡಿದ್ದಳು. ಬೀರು ತೆರೆದಿದೆ, ಒಳಗಿನವಳ ಕೈಯಲ್ಲಿ ಈಗ ಬರಿದಾದ ಬಟ್ಟಲು. ಕನ್ನಡಿ ನೋಡದೆ, ಕೆಮ್ಮದೆ, ಒಂದೇ ಉಸಿರಿಗೆ ಅವಳು ಆ ಬಿಳಿಯ ಜಾಗದಲ್ಲಿ ಮುಖ ಬರೆದಳು. ಕೋರೆಹಲ್ಲಿಲ್ಲ, ರಕ್ತವಿಲ್ಲ. ತುಂಬಾ ಕಾಲದ ಮೇಲೆ ಯಾರೋ ತನ್ನನ್ನು ನೆನೆಸಿಕೊಂಡರಲ್ಲ ಎಂದು ಕಣ್ಣು ತುಂಬಿ, ಸಂತೋಷ ತಾಳಲಾರದೆ, ನಮ್ಮನ್ನೇ ನೋಡಿ ನಗುವ ಮುಖ. ಇನ್ನು ನಿನ್ನನ್ನು ಬಿಟ್ಟು ಎಲ್ಲೂ ಹೋಗೆನು ಎನ್ನುವ ನಗು. ನನ್ನ ತೋಳಿನ ರೋಮವೆಲ್ಲ ನೆಟ್ಟಗೆ ನಿಂತಿತು. ಯಾರ ಮುಖ ಇದು ಎಂದು ಕೇಳಿದೆ. ಮೂಲೆಯಲ್ಲಿ ಮೈ ತೊಳೆಯುತ್ತಿದ್ದ ಆ ಮುದುಕಿಯದಂತೆ. ಒಂದು ದಿನ ಅಪ್ಪ ಅವಳನ್ನು ತಡೆದು, ಕೇಳದೆಯೇ ಒಂದು ಬಾಟಲಿ ತಣ್ಣನೆ ಹಾಲು ಕೈಗಿಟ್ಟನಂತೆ. ಆಗ ಅವಳು ನಕ್ಕ ನಗು ನೋಡಿ ಮಗು ಫುಸಾಕೊ ಹೆದರಿ ಅಮ್ಮನ ಹಿಂದೆ ಅಡಗಿದ್ದಳು. ಅಂದಿನಿಂದ ಇಂದಿನವರೆಗೂ ಬೀರಿನ ಮುಂದೆ ಕೆಮ್ಮುತ್ತಿದ್ದದ್ದು ಆ ನಗುವಿಗೆ ಹೆದರಿಯೇ.

ಮಧ್ಯಾಹ್ನ ಉಶಿಗೊಮೆ ಬಂದರು. ಕಡ್ಡಿಯಂಥ ಮುದುಕ, ಟೋಪಿ ತೆಗೆಯಲಿಲ್ಲ, ಚಹಾ ಮುಟ್ಟಲಿಲ್ಲ. ಪುಸ್ತಕದ ಹಾಗೆ ಜೋಡಿಸಿ ಹೊಲಿದ ಹಾಳೆಗಳನ್ನು ಓದತೊಡಗಿದರು. ಕುಸುಮೊತೊ ಮೂಲೆಯಲ್ಲಿ ಉಸಿರು ಹಿಡಿದು ಕೂತಿದ್ದ. ಫುಸಾಕೊ ನನ್ನ ಅಂಗಿಯ ತೋಳನ್ನು ಹರಿದುಹೋಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಸೋಬಾದ ಪುಟಕ್ಕೆ ಬಂದಾಗ ಅವರು, ಇದು ನಾನು ಬರೆದದ್ದಲ್ಲ ಎಂದರು. ಅವರು ಪುಟ ಮಗುಚಿದರು.

ಟೋಪಿ ಬಿದ್ದುಹೋಯಿತು. ಅದನ್ನು ಎತ್ತಿಕೊಳ್ಳದೆ ಅವರು ಹಿಂದಿನ ಪುಟಕ್ಕೆ ಹೋದರು, ಮತ್ತೆ ಮಗುಚಿದರು, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಆಟದ ಸಾಮಾನು ಸಿಕ್ಕಿದ ಹುಡುಗನ ಹಾಗೆ ಆ ಮುದುಕ ಹೆದರುತ್ತ, ನಗುತ್ತ, ಮತ್ತೆ ಹೆದರುತ್ತ ಕೂತಿದ್ದರು. ಕೊನೆಗೆ ಪುಟದ ಮೇಲೆ ಕೈಯಿಟ್ಟರು.

“ಇವಳನ್ನ ಇಷ್ಟು ವರ್ಷ ಬೀರಲ್ಲಿ ಕೂರಿಸಿ ಬರೆದೆ. ಇವಳಿಗೆ ಹಸಿವಾಗಿರುತ್ತೆ ಅಂತ ಒಂದ್ಸಲಾನೂ ನಂಗೆ ಹೊಳೀಲಿಲ್ಲ ನೋಡಮ್ಮ. ಅಚ್ಚು ಹಾಕಿಸಿ.”

ಫುಸಾಕೊ ಹಣೆ ಚಾಪೆಗೆ ತಾಗುವಂತೆ ಬಗ್ಗಿದವಳು ಏಳಲೇ ಇಲ್ಲ, ನಾನೇ ಎಬ್ಬಿಸಬೇಕಾಯಿತು. ಉಶಿಗೊಮೆ ಬಾಗಿಲವರೆಗೆ ಹೋಗಿ ನಿಂತು, ಸಂಕೋಚದಿಂದ, ಮನೆಯವರೆಗೆ ಯಾರಾದರೂ ಜೊತೆಗೆ ಬರಬಹುದೇ, ನಮ್ಮ ಮನೆಯಲ್ಲೂ ಗೋಡೆಬೀರು ಇದೆ ಎಂದರು. ಕುಸುಮೊತೊ ಮುದುಕರ ತೋಳು ಹಿಡಿದು ಮೆಟ್ಟಿಲಿಳಿದ. ಯಾರು ಯಾರಿಗೆ ಧೈರ್ಯ ಹೇಳುತ್ತಿದ್ದರೋ ಗೊತ್ತಾಗಲಿಲ್ಲ.

ನಾವಿಬ್ಬರೂ ಹುಚ್ಚು ಹಿಡಿದವರಂತೆ ನಕ್ಕೆವು. ಹಸಿವೆಯಾಗಿ ಫುಸಾಕೊ ಸೋಬಾದ ಅಂಗಡಿಗೆ ಫೋನ್ ಮಾಡಿದಳು. ನಾವಿದ್ದದ್ದು ಇಬ್ಬರು, ಬಂದದ್ದು ಮೂರು ಬಟ್ಟಲು. ಒಂದನ್ನು ಅವಳು ಗೋಡೆಬೀರಿನ ಮುಂದಿಟ್ಟಳು, ಕೆಮ್ಮಲಿಲ್ಲ. ತಿಂದು ಮುಗಿಸಿ ಎರಡನೆಯ ಕಂತಿನ ಹಾಳೆ ತೆಗೆದು ಬರೆಯಲು ಕೂತಳು. ನಾನು ಗೋಡೆಗಳನ್ನು ಮುಗಿಸಿ ತಲೆಯೆತ್ತಿದರೆ ಕಿಟಕಿಯಾಚೆ ಬೀದಿದೀಪಗಳು ಹತ್ತಿದ್ದವು. ಸೋಯಾ ಸಾಸಿನ ಬಾಟಲಿ ತರಲು ಎದ್ದು, ಕತ್ತಲಾಯಿತು, ಮುಚ್ಚೋಣವೇ ಎಂದು ಕೇಳಿದೆ.

ಅವಳು ಪೆನ್ನು ಎತ್ತದೆ, ಬೀರಿನ ಮುಂದಿನ ಬಟ್ಟಲಿನ ಕಡೆ ತಲೆ ತಿರುಗಿಸಿದಳು.

“ಆಗ್ಲಿ ಬಿಡಕ್ಕಾ. ಅವಳದಿನ್ನೂ ಊಟ ಆಗಿಲ್ಲ.”