ಬೀಗರ ಗೊಂಚಲಿನ ಸದ್ದು

ಗ್ರಂಥಾಲಯದಲ್ಲಿ ಎಲ್ಲರೂ ಅವರನ್ನು ಬೀಗರು ಎಂದೇ ಕರೆಯುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ‘ಇವರು ಯಾರಿಗೆ ಬೀಗರು? ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ?’ ಎಂದು ಕೇಳಿ ನಗೆಪಾಟಲಾಗುತ್ತಿದ್ದರು. ಅವರಿಗೆ ಮಕ್ಕಳೇ ಇರಲಿಲ್ಲ, ಇನ್ನು ಬೀಗತನ ಎಲ್ಲಿಂದ ಬರಬೇಕು? ಮೂರು ಅಂತಸ್ತಿನ ಆ ಕಟ್ಟಡದ ನಲವತ್ತೊಂದು ಬೀಗಗಳು ಅವರ ಸುಪರ್ದಿಯಲ್ಲಿದ್ದವು, ಅಷ್ಟೆ. ಬೆಳಿಗ್ಗೆ ಎಂಟಕ್ಕೆ ತೆಗೆಯುವವರು ಅವರೇ, ಸಂಜೆ ಆರಕ್ಕೆ ಹಾಕುವವರೂ ಅವರೇ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ.

ನಲವತ್ತೊಂದು ಬೀಗದಕೈಗಳೂ ಒಂದೇ ಕಬ್ಬಿಣದ ಬಳೆಯಲ್ಲಿದ್ದವು. ಬಳೆಯನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಅವರು ನಡೆದರೆ ಹೆಜ್ಜೆಗೊಮ್ಮೆ ಝಲ್ ಎನ್ನುತ್ತಿತ್ತು. ಮೆಟ್ಟಿಲು ಹತ್ತುವಾಗ ಒಂದು ಲಯ, ಇಳಿಯುವಾಗ ಇನ್ನೊಂದು. ಅವರ ಪಾಲಿಗಂತೂ ಅದು ಸದ್ದೇ ಅಲ್ಲ. ನಮ್ಮ ಉಸಿರು ನಮಗೆ ಕೇಳಿಸುವುದಿಲ್ಲವಲ್ಲ, ಹಾಗೆ.

ಎಂಟು ತಿಂಗಳ ಹಿಂದೆ ಹೊಸ ಮುಖ್ಯಾಧಿಕಾರಿಗಳು ಬಂದರು. ಒಳ್ಳೆಯ ಮನುಷ್ಯರು, ಆದರೆ ಬಂದ ವಾರವೇ ಕೌಂಟರಿನ ಪಕ್ಕದಲ್ಲಿ ಒಂದು ದೂರು ಪುಸ್ತಕ ಇಡಿಸಿದರು. ಅದಕ್ಕೊಂದು ಪೆನ್ಸಿಲ್ಲನ್ನು ದಾರದಲ್ಲಿ ಕಟ್ಟಿಸಿದರು. ಮೊದಲ ತಿಂಗಳು ಯಾರೂ ಏನೂ ಬರೆಯಲಿಲ್ಲ. ಎರಡನೆಯ ತಿಂಗಳು ಒಬ್ಬರು ಪೆನ್ಸಿಲ್ ಮೊಂಡಾಗಿದೆ ಎಂದು ಬರೆದರು. ಮೂರನೆಯ ತಿಂಗಳ ಒಂದು ಸೋಮವಾರ, ಮುದ್ದಾದ ಅಕ್ಷರದಲ್ಲಿ, ಸಹಿಯಿಲ್ಲದ ಒಂದು ದೂರು ಕಾಣಿಸಿಕೊಂಡಿತು: ‘ಕೀಗಳ ಸದ್ದಿನಿಂದ ಓದುವವರಿಗೆ ಬಹಳ ತೊಂದರೆಯಾಗುತ್ತಿದೆ. ದಯವಿಟ್ಟು ನಿಲ್ಲಿಸಿ.’

ಸಾಹೇಬರು ಬೀಗರನ್ನು ಕೋಣೆಗೆ ಕರೆಸಿದರು.

“ನೋಡಿ, ನಾನು ಬೈತಾ ಇಲ್ಲ,” ಎಂದರು. “ಆದ್ರೆ ಓದುಗರು ಬರೆದ ಮೇಲೆ ಏನಾದ್ರೂ ಮಾಡ್ಲೇಬೇಕಲ್ಲ.”

“ಏನು ಮಾಡ್ಲಿ ಸಾರ್? ಕೀ ಇಲ್ದೆ ಬೀಗ ತೆಗೆಯೋಕಾಗಲ್ಲ.”

“ಕೀ ಬೇಡ ಅಂತ ಯಾರು ಹೇಳಿದ್ರು? ಸದ್ದು ಬೇಡ ಅಷ್ಟೆ.”

ಬೀಗರು ಹೊರಗೆ ಬಂದು ಮೊಗಸಾಲೆಯಲ್ಲಿ ನಿಂತು ತಮ್ಮ ಗೊಂಚಲನ್ನು ಒಮ್ಮೆ ಅಲ್ಲಾಡಿಸಿದರು. ನಿಜವೇ, ಸದ್ದಾಯಿತು. ಇಪ್ಪತ್ತಾರು ವರ್ಷ ಇದು ಇಷ್ಟು ಜೋರಾಗಿಯೇ ಇತ್ತೇ, ಇಲ್ಲ ಇತ್ತೀಚೆಗೆ ಜೋರಾಯಿತೇ? ಇಷ್ಟು ವರ್ಷ ಸುಮ್ಮನಿದ್ದವರು ಈಗ ಯಾಕೆ ಬರೆದರು? ಅವರಿಗೆ ತಲೆಬುಡ ತಿಳಿಯಲಿಲ್ಲ. ಓದುವ ಹಾಲಿನಲ್ಲಿ ಕುಳಿತ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ಬರೆದವರಂತೆಯೇ ಕಂಡರು.

ಮನೆಯಲ್ಲಿ ಹೆಂಡತಿ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದಳು. ಊರವರ ಅಂಗಿ, ಚೀಲ, ದಿಂಬಿನ ಗವಸು ಎಲ್ಲ ಅವಳ ಕೈಯಲ್ಲೇ ಆಗಬೇಕು. ವಿಷಯ ಕೇಳಿ ಅವಳು ಮೆಷಿನ್ ನಿಲ್ಲಿಸಲೂ ಇಲ್ಲ.

“ಇದೇನು ದೊಡ್ಡ ವಿಷಯಾನಾ? ಗಾಜಿನ ತಟ್ಟೆ ಜೋಡಿಸುವಾಗ ನಡುವೆ ಬಟ್ಟೆ ಇಡ್ತೀವಲ್ವಾ? ಲೋಹಕ್ಕೆ ಲೋಹ ತಾಗ್ದಂತೆ ನೋಡ್ಕೊಂಡ್ರೆ ಆಯ್ತು.”

ಆ ವಾರವೇ ಅವಳು ತುಂಡು ಬಟ್ಟೆಗಳಲ್ಲಿ ನಲವತ್ತೊಂದು ಪುಟ್ಟ ಟೋಪಿ ಹೊಲಿದು ಬೀಗದಕೈಗಳ ತಲೆಗೆ ತೊಡಿಸಿದಳು. ಹೂವಿನದು, ಗೆರೆಯದು, ಚುಕ್ಕಿಯದು. ಗೊಂಚಲು ಉಬ್ಬಿ ಹೂಕೋಸಿನಷ್ಟಾಯಿತು. ಬೀಗರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ದಿನ ಕೌಂಟರಿನ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಟೋಪಿಗಳು ತಲೆಯನ್ನೇನೋ ಮುಚ್ಚಿದವು, ಆದರೆ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಲೇ ಇದ್ದವು. ಮೂರನೆಯ ದಿನಕ್ಕೆ ಟೋಪಿಗಳು ಒಂದೊಂದಾಗಿ ಉದುರತೊಡಗಿ, ಓದುಗರು ಅವನ್ನು ಹೆಕ್ಕಿ ತಂದು ಕೌಂಟರಿಗೆ ಕೊಟ್ಟು, “ಯಾವುದೋ ಗೊಂಬೆದು ಅನ್ಸುತ್ತೆ,” ಎಂದರು.

ಆಮೇಲೆ ರಬ್ಬರ್ ಬ್ಯಾಂಡ್. ಬೀಗದಕೈಗಳನ್ನು ಐದೈದಾಗಿ ಬಿಗಿದು ಕಟ್ಟಿದರು. ಸದ್ದು ನಿಂತಿತು, ಆದರೆ ಒಂದು ಬಾಗಿಲು ತೆರೆಯಲು ಐದನ್ನು ಬಿಚ್ಚಬೇಕು, ಮತ್ತೆ ಕಟ್ಟಬೇಕು. ಬೆಳಿಗ್ಗೆ ಎಂಟಕ್ಕೆ ತೆರೆಯಬೇಕಾದ ಕಟ್ಟಡ ಒಂಬತ್ತೂಕಾಲಿಗೆ ತೆರೆಯಿತು. ಅದಾದ ಮೇಲೆ ಸೈಕಲ್ ರಿಪೇರಿಯವನು ಹಳೆಯ ಟ್ಯೂಬನ್ನು ಬಳೆಬಳೆಯಾಗಿ ಕತ್ತರಿಸಿ ಕೊಟ್ಟ. ಅದು ಚೆನ್ನಾಗಿಯೇ ಹಿಡಿಯಿತು. ಆದರೆ ಬೀಗರ ಹೆಬ್ಬೆರಳು ಸದಾ ಕಪ್ಪಾಗಿ, ಕೈಯಿಟ್ಟಲ್ಲೆಲ್ಲ ಗುರುತು ಮೂಡತೊಡಗಿತು. ಒಂದು ನಿಘಂಟಿನ ಬಿಳಿಯ ರಟ್ಟಿನ ಮೇಲೆ ಅವರ ಹೆಬ್ಬೆಟ್ಟು ಈಗಲೂ ಇದೆ.

ಕೊನೆಗೆ ವಿದ್ಯುತ್ ಸಾಮಾನಿನ ಅಂಗಡಿಯವರು ಒಂದು ಉಪಾಯ ಹೇಳಿದರು. ತಂತಿಗಳ ಮೇಲೆ ಹಾಕುವ ತೆಳ್ಳನೆಯ ಕಪ್ಪು ಕೊಳವೆ, ಬಿಸಿ ತಾಗಿದರೆ ಕುಗ್ಗಿ ಚರ್ಮದಂತೆ ಅಂಟಿಕೊಳ್ಳುತ್ತದೆ. ಬೀಗರು ಭಾನುವಾರ ಇಡೀ ಮೇಣದ ಬತ್ತಿಯ ಮುಂದೆ ಕುಳಿತು, ನಲವತ್ತೊಂದಕ್ಕೂ ತಲೆಯಿಂದ ಹಲ್ಲಿನ ಬುಡದವರೆಗೆ ಕೊಳವೆ ತೊಡಿಸಿದರು. ಒಂದೇ ಬಳೆಯ ಬದಲು ಮಹಡಿಗೊಂದರಂತೆ ಮೂರು ಸಣ್ಣ ಬಳೆ ಮಾಡಿಕೊಂಡರು. ಮೂರನ್ನೂ ಹೆಂಡತಿ ಹೊಲಿದುಕೊಟ್ಟ ದಪ್ಪ ಬಟ್ಟೆಯ ಚೀಲದಲ್ಲಿಟ್ಟು ಗುಂಡಿ ಹಾಕಿದರು. ಎದ್ದು ಕುಣಿದು ನೋಡಿದರು. ಚಕಾರವಿಲ್ಲ.

“ಇನ್ನು ನೀವು ಕಳ್ಳರಾಗೋಕೆ ಅಡ್ಡಿಯಿಲ್ಲ,” ಎಂದಳು ಹೆಂಡತಿ.

ಸೋಮವಾರದಿಂದ ಹೊಸ ಪೇಚಾಟ ಶುರುವಾಯಿತು. ಬೀಗರು ಬೀಗದಕೈಗಳನ್ನು ಗುರುತಿಸುತ್ತಿದ್ದುದು ತಲೆಯ ಮೇಲೆ ಕೊರೆದ ಸಂಖ್ಯೆಯಿಂದ. ಆ ಸಂಖ್ಯೆಗಳೆಲ್ಲ ಈಗ ಕಪ್ಪು ಕೊಳವೆಯ ಒಳಗೆ. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಪತ್ರಿಕೆಗಳ ಕೋಣೆಗೆ ನಕ್ಷೆಗಳ ಕೋಣೆಯದನ್ನು ಹಾಕಿ ತಿರುವಿ ತಿರುವಿ ಸುಸ್ತಾದರು. ಅದೂ ಸಾಲದೆಂಬಂತೆ, ಅವರು ಬರುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಉಗ್ರಾಣದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಗುಮಾಸ್ತರು ಹಿಂದೆ ತಿರುಗಿ ಇವರನ್ನು ಕಂಡು ಫೋನನ್ನೇ ಕೈಬಿಟ್ಟರು. “ಕದ್ದು ಕೇಳ್ತಿದ್ರಾ?” ಎಂದರು. ಬೀಗರು ಇಲ್ಲವೆಂದು ಆಣೆ ಮಾಡಬೇಕಾಯಿತು. ಅಂದಿನಿಂದ ಬಾಗಿಲ ಬಳಿ ಬಂದಾಗಲೆಲ್ಲ ಕೆಮ್ಮತೊಡಗಿದರು. ನೆಗಡಿಯಾಗಿದೆಯೇ ಎಂದು ಎಲ್ಲರೂ ವಿಚಾರಿಸಿದರು.

ಇಷ್ಟಾದರೂ ಆಗಲಿ, ದೂರಂತೂ ಮುಗಿಯಿತಲ್ಲ ಎಂದುಕೊಂಡರೆ, ಆ ಶುಕ್ರವಾರ ಪುಸ್ತಕದಲ್ಲಿ ಅದೇ ಮುದ್ದಾದ ಅಕ್ಷರ: ‘ಕೀಗಳ ಸದ್ದು ಇನ್ನೂ ನಿಂತಿಲ್ಲ. ಈ ವಾರ ಹೆಚ್ಚಾಗಿದೆ.’

ಬೀಗರು ಅದನ್ನು ಮೂರು ಸಲ ಓದಿದರು. ಚೀಲ ತೆಗೆದು ಎಡಗಿವಿಯ ಬಳಿ ಅಲ್ಲಾಡಿಸಿದರು. ಬಲಗಿವಿಯ ಬಳಿ ಅಲ್ಲಾಡಿಸಿದರು. ಏನೂ ಇಲ್ಲ. ಕೌಂಟರಿನ ಅಕ್ಕನ ಕಿವಿಯ ಬಳಿ ಹಿಡಿದರು.

“ನಂಗೇನೂ ಕೇಳಿಸ್ತಿಲ್ಲಪ್ಪ,” ಎಂದಳು ಅಕ್ಕ. ಆಮೇಲೆ ಸ್ವಲ್ಪ ಯೋಚಿಸಿ, “ಆದ್ರೆ ನಂಗೂ ವಯಸ್ಸಾಯ್ತಲ್ಲ,” ಎಂದಳು.

ಆ ಒಂದು ಮಾತು ಬೀಗರ ಎದೆಯೊಳಗೆ ಹುಳದಂತೆ ಹೊಕ್ಕಿತು. ಸದ್ದು ನಿಜವಾಗಿಯೂ ಇದ್ದು, ತಮಗೇ ಕೇಳಿಸುತ್ತಿಲ್ಲವಾದರೆ? ಇಷ್ಟು ವರ್ಷ ಅದು ಸದ್ದೇ ಅಲ್ಲವೆಂದು ಅನ್ನಿಸಿದ್ದೂ ಕಿವಿ ಮಂದವಾದದ್ದರಿಂದಲೇ ಇರಬಹುದೇ? ಶನಿವಾರ ಅರ್ಧ ದಿನ ರಜೆ ಹಾಕಿ ಕಿವಿಯ ಡಾಕ್ಟರ ಬಳಿ ಹೋದರು. ಡಾಕ್ಟರಮ್ಮ ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಶಬ್ದ ಕೇಳಿದಾಗ ಗುಂಡಿ ಒತ್ತಿ ಎಂದರು. ಇಪ್ಪತ್ತು ನಿಮಿಷ ಒತ್ತಿದ್ದಾಯಿತು.

“ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಿವಿ ನಾನು ನೋಡಿಲ್ಲ,” ಎಂದರು ಡಾಕ್ಟರಮ್ಮ. “ಮತ್ತೆ ಯಾಕೆ ಬಂದ್ರಿ?”

“ಕೇಳಿಸದೆ ಇರೋದು ಕೇಳಿಸ್ತಿಲ್ಲ ಅಂತ ಬಂದೆ,” ಎಂದು ಬೀಗರು ಹೇಳಿದರು. ಡಾಕ್ಟರಮ್ಮ ಅವರನ್ನು ದಿಟ್ಟಿಸಿ ನೋಡಿ, ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಡಲೇ ಎಂದು ಮೆಲ್ಲಗೆ ಕೇಳಿದರು.

ಕಿವಿ ಕೆಟ್ಟಿದೆ ಎಂದಿದ್ದರೆ ಎಷ್ಟೋ ವಾಸಿಯಿತ್ತು, ಕಾರಣವಾದರೂ ಸಿಗುತ್ತಿತ್ತು ಎಂದುಕೊಳ್ಳುತ್ತಾ ಬೀಗರು ಮನೆಗೆ ಹೋದರು.

ಮುಂದಿನ ಬುಧವಾರ ನಡೆದದ್ದು ಹೀಗೆ. ಆ ಕಟ್ಟಡದ ಗಂಟೆ ಕೆಟ್ಟು ಹನ್ನೊಂದು ವರ್ಷವಾಗಿತ್ತು. ಅದನ್ನು ರಿಪೇರಿ ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಆರಕ್ಕೆ ಕಾಲು ಗಂಟೆಯಿರುವಾಗ ಬೀಗರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಓದುಗರು ತಾವಾಗಿಯೇ ಪುಸ್ತಕ ಮುಚ್ಚುತ್ತಿದ್ದರು. ಈಗ ಬೀಗರು ಪ್ರತಿ ಮೇಜಿನ ಬಳಿ ಹೋಗಿ ಬೆರಳಲ್ಲಿ ಮೇಜು ತಟ್ಟಬೇಕಾಗಿತ್ತು. ಆ ಸಂಜೆ ಮೇಲಿನ ಹಾಲಿನಲ್ಲಿ ಎಲ್ಲ ಮೇಜನ್ನೂ ತಟ್ಟಿ ಬಂದೆನೆಂದೇ ಅವರು ತಿಳಿದಿದ್ದರು. ದೀಪ ಆರಿಸಿ, ಬಾಗಿಲು ಹಾಕಿ, ಬೀಗ ಜಡಿದು, ಮುಂಬಾಗಿಲನ್ನೂ ಹಾಕಿ ರಸ್ತೆಗಿಳಿದು ಒಮ್ಮೆ ತಿರುಗಿ ನೋಡಿದರೆ, ಮೇಲಿನ ಹಾಲಿನ ಕಿಟಕಿಯಲ್ಲಿ ದೀಪ ಹೊತ್ತಿಕೊಂಡಿತು.

ನೋಡುತ್ತಿದ್ದಂತೆ ದೀಪ ಆರಿತು. ಮತ್ತೆ ಹೊತ್ತಿತು.

ಮುಂಬಾಗಿಲನ್ನು ಮತ್ತೆ ತೆಗೆದು, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಹಾಲಿನ ಬಾಗಿಲ ಮುಂದೆ ನಿಂತಾಗ ಒಳಗಿನಿಂದ ಹೆಂಗಸಿನ ದನಿ ಬಂತು. “ಯಾರಾದ್ರೂ ಇದ್ದೀರಾ ಹೊರಗೆ?”

ದನಿಯ ಗುರುತು ಸಿಕ್ಕಿತು. ಕರಡು ತಿದ್ದುವ ಹೆಂಗಸು. ಮುದ್ರಣಾಲಯದಿಂದ ಬಂದ ಉದ್ದುದ್ದ ಹಾಳೆಗಳನ್ನು ಹರಡಿಕೊಂಡು, ಕಂಬದ ಹಿಂದಿನ ಮೇಜಿನಲ್ಲಿ ಕೆಂಪು ಪೆನ್ನು ಹಿಡಿದು ದಿನವಿಡೀ ಕೂರುತ್ತಿದ್ದರು. ಕಂಬದ ಹಿಂದೆ!

“ನಾನಮ್ಮ, ಬೀಗರು. ಗಾಬರಿ ಆಗ್ಬೇಡಿ, ಈಗ ತೆಗೀತೀನಿ.”

ಅವರು ಚೀಲದ ಗುಂಡಿ ಬಿಚ್ಚಿ ಮೊದಲನೆಯದನ್ನು ಹಾಕಿದರು. ಅದಲ್ಲ. ಎರಡನೆಯದು ಅರ್ಧ ಹೋಗಿ ನಿಂತಿತು.

“ನೀವು ಬಂದಿದ್ದೇ ಗೊತ್ತಾಗ್ಲಿಲ್ವಲ್ಲ,” ಎಂದಿತು ಒಳಗಿನ ದನಿ. “ದಿನಾ ನಿಮ್ಮ ಗೊಂಚಲಿನ ಸದ್ದು ಕೇಳೇ ನಾನು ಪೆನ್ನು ಮುಚ್ಚೋದು. ಈ ನಡುವೆ ಏನಾಯ್ತು ಅದಕ್ಕೆ?”

“ಸದ್ದು ತೆಗೆದುಬಿಟ್ಟೆ ತಾಯಿ. ದೂರು ಬಂದಿತ್ತು.”

“ಏನಂತ ದೂರು?”

“ಕೀಗಳ ಸದ್ದಿನಿಂದ ತೊಂದರೆ, ನಿಲ್ಲಿಸಿ ಅಂತ. ಎರಡು ಸಲ ಬಂತು.”

ಬೀಗರು ಐದನೆಯದನ್ನು ತಿರುವುತ್ತಿದ್ದರು.

“ಅಯ್ಯೋ ದೇವರೇ,” ಎಂದಿತು ದನಿ. “ಅದನ್ನ ಬರೆದಿದ್ದು ನಾನೇ.”

ಬೀಗರ ಕೈ ನಿಂತಿತು. ಇಬ್ಬರ ನಡುವೆ ಒಂದು ಬಾಗಿಲು ಇದ್ದದ್ದು ಒಳ್ಳೆಯದೇ ಆಯಿತು, ಯಾವ ಮುಖ ಮಾಡಬೇಕೆಂದು ಅವರಿಗೆ ತೋಚಲಿಲ್ಲ. “ಮತ್ತೆ ಈಗ ನನ್ನ ಸದ್ದು ಕೇಳೇ ಪೆನ್ನು ಮುಚ್ಚೋದು ಅಂದ್ರಲ್ಲ?”

“ನಿಮ್ಮದರ ಬಗ್ಗೆ ಅಲ್ಲಪ್ಪಾ ನಾನು ಬರೆದಿದ್ದು! ನಿಮ್ಮ ಸಾಹೇಬರದ್ದು. ಕಾರಿನ ಕೀನ ಬೆರಳಿಗೆ ಸಿಕ್ಕಿಸ್ಕೊಂಡು ಗಿರಗಿರ ತಿರುಗಿಸ್ತಾ ಓಡಾಡ್ತಾರಲ್ಲ, ನನ್ನ ಮೇಜಿನ ಹಿಂದೆ ನಿಂತು ಟಪ್ ಅಂತ ಮುಷ್ಟೀಲಿ ಹಿಡೀತಾರೆ. ಪ್ರತಿ ಸಲ ಸಾಲು ತಪ್ಪತ್ತೆ ನಂಗೆ. ಇಡೀ ಊರಿನವರ ತಪ್ಪು ತಿದ್ದೋಳು ನಾನು, ನನ್ನ ಒಂದು ಸಾಲಿನಲ್ಲಿ ‘ಯಾರ ಕೀ’ ಅನ್ನೋದನ್ನೇ ಬಿಟ್ಟಿದ್ದೀನಿ ನೋಡಿ.”

ಬೀಗರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೊಂದನೆಯದಕ್ಕೆ ಬೀಗ ತೆರೆಯಿತು. ಕರಡು ತಿದ್ದುವವರು ಹಾಳೆಗಳನ್ನು ಎದೆಗವಚಿಕೊಂಡು ಹೊರಬಂದು, ಅವರ ಕೈಯಲ್ಲಿದ್ದ ಕಪ್ಪು ಕಪ್ಪು ಬೀಗದಕೈಗಳನ್ನು ನೋಡಿ, “ಇದಕ್ಕೆ ಎಷ್ಟು ದಿನ ಹಿಡೀತು?” ಎಂದು ಕೇಳಿದರು.

“ಐದು ವಾರ.”

ಕರಡು ತಿದ್ದುವವರು ತಲೆ ತಗ್ಗಿಸಿ ಹಾಳೆಗಳನ್ನು ಮತ್ತೆ ಜೋಡಿಸತೊಡಗಿದರು.

“ನಂಗೇ ನೇರವಾಗಿ ಹೇಳಬಹುದಿತ್ತಲ್ಲಮ್ಮ,” ಎಂದರು ಬೀಗರು. “ನಾನು ಸಾಹೇಬ್ರಿಗೆ ಹೇಗೋ ಹೇಳ್ತಿದ್ದೆ.”

“ಹಾಲಿನಲ್ಲಿ ಮಾತಾಡಬಾರದು ಅಂತ ಬೋರ್ಡು ಹಾಕಿದ್ದೀರಲ್ಲ,” ಎಂದರು ಅವರು. ತಮಾಷೆಗೆ ಹೇಳಿದ್ದೋ ನಿಜಕ್ಕೋ ಬೀಗರಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ಬೀಗರು ಸಾಹೇಬರನ್ನು ಕದ್ದು ಗಮನಿಸಿದರು. ನಿಜ! ಮೂರೇ ಬೀಗದಕೈ, ಆದರೆ ಬೆರಳ ಸುತ್ತ ರಾಟೆಯಂತೆ ತಿರುಗುತ್ತಿದ್ದವು. ಇಷ್ಟು ದಿನ ತಮ್ಮ ನಲವತ್ತೊಂದರ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ತಮ್ಮದು ಸುಮ್ಮನಾದ ಮೇಲಂತೂ ತಮ್ಮ ಚೀಲವನ್ನು ಆಲಿಸುವುದರಲ್ಲೇ ಮುಳುಗಿದ್ದರು. ಇನ್ನು ಇದನ್ನು ಹೇಳುವುದು ಹೇಗೆ? ಸಾಹೇಬರೇ, ತಪ್ಪು ನಿಮ್ಮದು ಎನ್ನಲು ಬಾಯಿ ಬರಲಿಲ್ಲ. ಎರಡು ಸಲ ಕೋಣೆಯ ಬಾಗಿಲವರೆಗೆ ಹೋಗಿ, ಕೆಮ್ಮಿ, ಹಿಂದೆ ಬಂದರು.

ಅಷ್ಟರಲ್ಲಿ ಕರಡು ತಿದ್ದುವವರು ಬಂದರು. ಯಾರೊಂದಿಗೂ ಮಾತಾಡದೆ ದೂರು ಪುಸ್ತಕ ತೆರೆದು, ತಮ್ಮ ಕೆಂಪು ಪೆನ್ನಿನಲ್ಲಿ ಎರಡೂ ದೂರುಗಳ ಮೇಲೆ, ಪದ ಬಿಟ್ಟುಹೋದಲ್ಲಿ ಹಾಕುವ ಗುರುತು ಹಾಕಿ, ‘ಮುಖ್ಯಾಧಿಕಾರಿಗಳ’ ಎಂದು ಸೇರಿಸಿದರು. ಕೆಳಗೆ ಸಹಿ ಮಾಡಿದರು.

ಮಧ್ಯಾಹ್ನ ಬೀಗರನ್ನು ಕರೆಸಿದಾಗ ಸಾಹೇಬರ ಕಿವಿ ಕೆಂಪಗಿತ್ತು. ಮೇಜಿನ ಮೇಲೆ ಮೂರು ಬೀಗದಕೈ ಬಿದ್ದಿದ್ದವು.

“ರೀ, ನಿಮಗೆ ಮೊದಲೇ ಗೊತ್ತಿತ್ತಾ?”

“ಇಲ್ಲ ಸಾರ್. ನಂಗೆ ಯಾವತ್ತೂ ಏನೂ ಗೊತ್ತಿರಲಿಲ್ಲ.”

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನಿಮ್ಮ ಕೀಗಳಿಗೆ ಅದೇನೋ ಕಪ್ಪಗೆ ಹಾಕಿದ್ದೀರಲ್ಲ, ಅದು ಇನ್ನೂ ಇದೆಯಾ?”

ಇತ್ತು, ಒಂದು ಗೇಣಿನಷ್ಟು. ಬೀಗರು ಬೆಂಕಿಕಡ್ಡಿ ಗೀರಿ ಸಾಹೇಬರ ಮೇಜಿನ ಮೇಲೆಯೇ ಮೂರಕ್ಕೂ ಕೊಳವೆ ತೊಡಿಸಿಕೊಟ್ಟರು. ಸಾಹೇಬರು ಬಿಸಿಯಾಗಿದ್ದ ಬೀಗದಕೈಯನ್ನು ಊದುತ್ತಾ, “ನಿಮ್ಮದರದ್ದು ಬೇಕಾದ್ರೆ ತೆಗೆದುಬಿಡಿ,” ಎಂದರು. “ತೆಗೀಲೇಬೇಕು ಅಂತೇನಿಲ್ಲ. ನಿಮಗೆ ಹೇಗೆ ಅನ್ಸತ್ತೋ ಹಾಗೆ.”

ತಮಗೆ ಹೇಗೆ ಅನ್ನಿಸುತ್ತದೆ ಎಂಬುದೇ ಬೀಗರಿಗೆ ಗೊತ್ತಿರಲಿಲ್ಲ. ಕೌಂಟರಿನ ಅಕ್ಕನನ್ನು ಕೇಳಿದರೆ ತೆಗೆಯಿರಿ ಎಂದಳು. ಗುಮಾಸ್ತರು ಖಂಡಿತ ತೆಗೆಯಿರಿ, ಇವತ್ತೇ ತೆಗೆಯಿರಿ ಎಂದರು. ಹೆಂಡತಿಯೋ, ಇಷ್ಟು ಕಷ್ಟಪಟ್ಟು ಹಾಕಿದ್ದನ್ನು ಯಾಕೆ ತೆಗೆಯುವುದು, ಮನೆಯಲ್ಲಿ ಎಷ್ಟು ನೆಮ್ಮದಿಯಾಗಿದೆ ಗೊತ್ತೇ ಎಂದಳು. ಇಪ್ಪತ್ತಾರು ವರ್ಷ ಒಂದು ದಿನವೂ ಅವಳು ಆ ಸದ್ದಿನ ಮಾತು ಎತ್ತಿರಲಿಲ್ಲ. ಬೀಗರು ಪೆಚ್ಚಾಗಿ ಅವಳ ಮುಖ ನೋಡಿದರು.

ಭಾನುವಾರ ಅವಳ ಕತ್ತರಿ ಹಿಡಿದು ಕುಳಿತು, ಮೇಲಿನ ಎರಡು ಮಹಡಿಗಳ ಇಪ್ಪತ್ತೆಂಟರ ಕೊಳವೆ ಸೀಳಿದರು. ಹೆಂಡತಿಯ ಮಾತಿಗೆಂದು ಕೆಳಗಿನ ಹದಿಮೂರನ್ನು ಹಾಗೆಯೇ ಬಿಟ್ಟರು. ಈಗ ಬೆಳಿಗ್ಗೆ ಬರುವಾಗಲೂ ಸಂಜೆ ಮನೆಗೆ ಹೋಗುವಾಗಲೂ ಇಪ್ಪತ್ತೆಂಟು ಚೀಲದೊಳಗೆ ಇರುತ್ತವೆ, ಮೆಟ್ಟಿಲು ಹತ್ತುವಾಗ ಮಾತ್ರ ಹೊರಗೆ ಬರುತ್ತವೆ. ಇದು ಸರಿಯಾದ ಏರ್ಪಾಡೇ ಎಂದು ಯಾರಾದರೂ ಕೇಳಿದರೆ ಬೀಗರು, “ನೋಡೋಣ, ಇನ್ನೂ ಯಾರೂ ಬರೆದಿಲ್ಲ,” ಎನ್ನುತ್ತಾರೆ. ಹೀಗೆಂದು, ಕೆಳಗಿನ ಮಹಡಿಯ ಪತ್ರಿಕೆಗಳ ಕೋಣೆಯ ಬಾಗಿಲಲ್ಲಿ ಕಾಯುತ್ತಿರುವವರ ಕಡೆಗೆ, ಕಪ್ಪು ಬೀಗದಕೈಗಳಲ್ಲಿ ಸರಿಯಾದದ್ದನ್ನು ಹುಡುಕುತ್ತಾ, ಬೇಗಬೇಗ ನಡೆಯುತ್ತಾರೆ.