ಅತ್ತೆ ಮೋರಿಗೆ ಚೆಲ್ಲಿದ ಗಾರೆನೀರು

ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಆ ವಾಸನೆಯ ಬಗ್ಗೆ ಬರೆಯುವಾಗಲೂ ನನ್ನ ಮೂಗು ಸೆರಗು ಹುಡುಕುತ್ತದೆ.

ಅರವತ್ತರ ದಶಕ. ಅಮೃತೂರಿನಿಂದ ತುಮಕೂರಿಗೆ ಸೊಸೆಯಾಗಿ ಬಂದ ಹೊಸತು. ಮಾವ ಗಾರೆ ಕೆಲಸದವರು. ಊರೆಲ್ಲ ಸಿಮೆಂಟಿಗೆ ಮರುಳಾಗಿ, ಅವರನ್ನು ಕರೆಯುವವರೇ ಇಲ್ಲದಿದ್ದಾಗ ಹಳೇ ಚರ್ಚಿನ ಕೆಲಸ ಸಿಕ್ಕಿತ್ತು. ಅಲ್ಲಿನ ಸುಣ್ಣದ ಗಾರೆ ಗೋಡೆಗೆ ಯಾರೋ ಸಿಮೆಂಟು ಮೆತ್ತಿದ್ದರು. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಗೋಡೆ ಕೀವು ತುಂಬಿದ ಕುರುವಿನಂತೆ ಉಬ್ಬಿತ್ತು. ಬುತ್ತಿ ಕೊಡಲು ಹೋದ ನನ್ನೆದುರೇ ಮಾವ ಒಂದು ಚಕ್ಕೆ ಎಬ್ಬಿಸಿದರು. ಕರಿಮಣ್ಣು, ಬೂಷ್ಟು, ಜೊತೆಗೆ ಒಂದು ರಾಶಿ ಸಾವಿರಕಾಲಿನ ಹುಳು ನನ್ನ ಪಾದದ ಮೇಲೇ ಸುರಿದವು. ಅಂದು ನನಗೆ ಊಟ ಸೇರಲಿಲ್ಲ.

ಕ್ರಿಸ್‌ಮಸ್‌ಗೆ ಮುಂಚೆ ಮುಗಿಯದಿದ್ದರೆ ಮತ್ತೆ ಸಿಮೆಂಟಿನವರನ್ನೇ ಕರೆಸುವುದೆಂದು ಪಾದ್ರಿಗಳು ಹೇಳಿಬಿಟ್ಟಿದ್ದರು.

ಸುಣ್ಣಕ್ಕೆ ಬೆರೆಸಲು ಮಾವ ಹಿತ್ತಲಿನ ಗುಡಾಣದಲ್ಲಿ ಬೆಲ್ಲ, ಜಜ್ಜಿದ ಅಳಲೆಕಾಯಿ ನೆನೆಹಾಕಿ ಕೊಳೆಯಲು ಬಿಟ್ಟಿದ್ದರು. ಅದು ನೊರೆ ಉಗುಳಿ, ನೊಣ ಮುತ್ತಿ, ಸತ್ತ ಇಲಿಯಂತೆ ನಾರತೊಡಗಿತು. ಅತ್ತೆಯೋ, ಬಾವಿಹಗ್ಗವನ್ನೂ ತೊಳೆದು ಒಣಹಾಕುವವರು.

"ಥೂ! ದೇವ್ರ ಮನೆ ಗೋಡೆಗೆ ಇದನ್ನ ಬಳೀತಾರಂತೆ!"

"ಗೋಡೆಗೆ ಮೂಗಿಲ್ಲ ಕಣೇ, ಸುಮ್ಕಿರು," ಎಂದು ಮಾವ ನಕ್ಕರು.

ಒಂದು ದಿನ ಮಾವ ಅತ್ತ ಹೋದದ್ದೇ ಅತ್ತೆ ಅಷ್ಟನ್ನೂ ಮೋರಿಗೆ ಚೆಲ್ಲಿ, ಗುಡಾಣವನ್ನು ಬೂದಿಯಲ್ಲಿ ಉಜ್ಜಿ, ಬೋರಲು ಹಾಕಿದರು. ಸಂಜೆ ಬಂದ ಮಾವ ಅದರ ಪಕ್ಕ ಕುಸಿದು ಕೂತರು.

"ಹೊಸದು ಹುಳಿ ಬರೋ ಹೊತ್ಗೆ ಹಬ್ಬ ಮುಗ್ದಿರ್ತದೆ. ಕರಣೆ ಅಟ್ಟಕ್ಕೆ ಎಸ್ದು ಮನೇಲಿ ಕೂತ್ಕೊತೀನಿ ಬುಡು."

ಅತ್ತೆಯ ಮುಖ ಸಪ್ಪಗಾಯಿತು. "ಮೊಸ್ರಿಗೆ ಹೆಪ್ಪು ಹಾಕ್ದಂಗೆ ಹಳೇದು ಒಸಿ ಹಾಕುದ್ರೆ ಬೇಗ ಬರಲ್ವಾ?"

"ಬರ್ತದೆ. ಹಳೇದು ಎಲ್ಲೈತೆ? ಮೋರಿ ಕುಡೀತಲ್ಲ!"

ಹಳೇ ನೀರು ಹೀರಿದ ಅಳಲೆಕಾಯಿ ಚೂರುಗಳು ಇನ್ನೂ ಮೋರಿಯ ಬಾಯಲ್ಲಿ ಸಿಕ್ಕಿಕೊಂಡಿದ್ದವು. ಅತ್ತೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

"ನಂಗೆ ವಾಕರಿಕೆ ಬರ್ತದೆ ಅತ್ತೆ."

"ನಿಂಗೊಬ್ಳಿಗೇನಾ ಬರೋದು?"

ಗೊಣಗುತ್ತ ಅವರೇ ಮೂಗಿಗೆ ಸೆರಗು ಕಟ್ಟಿ, ಮೊಳಕೈವರೆಗೆ ಲೋಳೆಗೆ ಕೈ ಇಳಿಸಿದರು. ಕೂದಲುಂಡೆ, ಹಳಸಿದ ಅನ್ನದ ಅಗುಳುಗಳ ನಡುವಿನಿಂದ ಒಂದೊಂದೇ ಚೂರು ಹೆಕ್ಕಿ ಗುಡಾಣಕ್ಕೆ ಹಾಕಿದರು. ನಾನು ಸೆರಗಿನೊಳಗೇ ನಕ್ಕೆ.

ಹೊಸ ನೀರು ಬೇಗ ಹುಳಿ ಬಂತು. ಹಬ್ಬಕ್ಕೆ ಮುಂಚೆ ಗೋಡೆ ಮುಗಿಯಿತು. ಪಾದ್ರಿಗಳು ನಮ್ಮ ಮನೆಯವರನ್ನೆಲ್ಲ ಕ್ರಿಸ್‌ಮಸ್‌ಗೆ ಕರೆದಿದ್ದರು. ಜನ ಮಂಡಿಯೂರಿ ಕಣ್ಣು ಮುಚ್ಚಿದ್ದಾಗ ಅತ್ತೆ ಬೆಳ್ಳನೆಯ ಗೋಡೆಗೆ ಮೂಗು ಒತ್ತಿ ಮೂಸಿದರು.

"ಒಂಚೂರೂ ನಾರಲ್ಲ ಕಣೇ!"

ಹಾಗೆ ಪಿಸುಗುಟ್ಟಿ, ತಮ್ಮ ಬಲಗೈ ಮೂಸಿ ನೋಡಿ, ಮುಖ ಕಿವುಚಿದರು.