ತಿರುಗಿ ಹೇಳಲಾಗದ ಸೋಲೋ

ಪೆಂಟಾಟೋನಿಕ್ ಎಂಬ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಣಿಪಾಲದ ಗಿಟಾರ್ ಕ್ಲಾಸಿನಲ್ಲಿ ಅದನ್ನು ಕಲಿಸಿದ್ದು ಹೀಗೆ: ಈ ಐದು ಸ್ವರಗಳೊಳಗೆ ಬೆರಳು ಎಲ್ಲಿಟ್ಟರೂ ತಪ್ಪಾಗುವುದಿಲ್ಲ, ಓಡಿಸಿ. ನಾನೂ ಓಡಿಸಿದೆ. ತಪ್ಪಾಗಲಿಲ್ಲ, ಹಾಡೂ ಆಗಲಿಲ್ಲ. ಆದರೂ ಕೇಳಿದವರೆಲ್ಲ ವೇಗಕ್ಕೇ ಚಪ್ಪಾಳೆ ತಟ್ಟಿ ನನ್ನ ತಲೆ ಕೆಡಿಸಿದರು.

ಅದಕ್ಕಿಂತ ದೊಡ್ಡ ಸಿಟ್ಟು ಕಾಪುವಿನಲ್ಲಿ, ನಮ್ಮ ಮನೆಯ ಹತ್ತಿರದ ಭಜನಾ ಮಂದಿರದವರ ಮೇಲಿತ್ತು. ಅಲ್ಲಿ ಶನಿವಾರದ ಭಜನೆ ಹೇಳಿಕೊಡುತ್ತಿದ್ದವರು ಅಪ್ಪ. ಅವರು ಒಂದು ಸಾಲು ಹಾಡಿದರೆ ಕೂತವರೆಲ್ಲ ಅದನ್ನೇ ತಿರುಗಿ ಹಾಡುವುದು ಕ್ರಮ. ಗಂಟಲಿನ ಆಪರೇಷನ್ ಆದ ಮೇಲೆ ಅಪ್ಪನಿಗೆ ಪಿಸುಮಾತು ಮಾತ್ರ ಉಳಿಯಿತು. ಮಂದಿರದವರು ಬೇರೊಬ್ಬರನ್ನು ಎದುರು ಕೂರಿಸಿ, ಅಪ್ಪನ ಕೈಗೆ ತಾಳ ಕೊಟ್ಟು, ಹಿಂದಿನ ಗೋಡೆಯ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. "ನೀವು ಆರಾಮ ಕೂತ್ಕೊಳ್ಳಿ ಅಣ್ಣ" ಎಂದರಂತೆ. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ.

ಒಂದು ಸಂಜೆ ಜಗಲಿಯಲ್ಲಿ ನಾನು ಸೋಲೋ ಅಭ್ಯಾಸ ಮಾಡುತ್ತಿದ್ದಾಗ ಅಪ್ಪ ಪಿಸುಗುಟ್ಟಿದರು, "ಇದನ್ನು ತಿರುಗಿ ಯಾರು ಹೇಳುವುದು?"

"ಇದು ಭಜನೆ ಅಲ್ಲ ಅಪ್ಪ, ಸೋಲೋ. ಒಬ್ಬನೇ ನುಡಿಸುವುದು."

"ಸೋಲೋ ಆದ್ರೆ ಎಂತ? ಉಸಿರು ಬೇಡ್ವಾ?"

ಗಿಟಾರನ್ನು ಕುಕ್ಕಿ ಎದ್ದು ಹೋದೆ. ಆಮೇಲೆ ಹಟಕ್ಕೆ ಪರೀಕ್ಷೆ ಮಾಡಿದೆ: ಒಂದು ಸಾಲು ನುಡಿಸಿ ಕೈ ನಿಲ್ಲಿಸುವುದು, ಅದನ್ನು ಬಾಯಲ್ಲಿ ತಿರುಗಿ ಹೇಳುವುದು. ನನ್ನ ಓಟಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಅಪ್ಪನ ಹಳೆಯ ಭಜನೆ. ತಂತಿಯ ಮೇಲೆ ಹುಡುಕಿದರೆ ಅದೇ ಐದು ಸ್ವರ! ಅಪ್ಪ ಒಂದೇ ಸಾಲನ್ನು ಎರಡು ಸಲ ಕೊಡುತ್ತಿದ್ದರು. ಎರಡನೆಯ ಸಲ ಬಾಲವನ್ನಷ್ಟೇ ಬದಲಿಸಿ ಷಡ್ಜಕ್ಕೆ ತಂದು ನಿಲ್ಲಿಸುತ್ತಿದ್ದರು. ನಡುವೆ ಜನರಿಗೆ ಜಾಗ. ಇಂಥವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದಾರಲ್ಲ!

ಮುಂದಿನ ಶನಿವಾರ ಗಿಟಾರ್ ಹಿಡಿದು ಮಂದಿರಕ್ಕೆ ಹೋದೆ. ಕಮಿಟಿಯ ಹಿರಿಯರೊಬ್ಬರು ಬಾಗಿಲಲ್ಲೇ ತಡೆದರು. "ಎಂತ ಮಾರಾಯ, ಇಲ್ಲಿ ಆರ್ಕೆಸ್ಟ್ರಾ ಉಂಟಾ?"

"ಅಪ್ಪನ ಒಂದು ಭಜನೆ ಉಂಟು. ನುಡಿಸಿ ಹೋಗ್ತೇನೆ" ಎಂದೆ. ಅವರನ್ನು ದಾಟಿ ಒಳಗೆ ನಡೆದೆ.

ಅಪ್ಪನ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕೂತು, ಮೊದಲ ಸಾಲು ನುಡಿಸಿ ಕೈ ನಿಲ್ಲಿಸಿದೆ. ಯಾರೂ ಬಾಯಿ ಬಿಡಲಿಲ್ಲ. ಆ ಖಾಲಿ ಜಾಗವನ್ನು ತುಂಬಿಸಲು ಬೆರಳುಗಳು ತವಕಿಸಿದವು. ಅಪ್ಪ ನನ್ನ ಭುಜ ಒತ್ತಿ ಹಿಡಿದರು. ಅದೇ ಸಾಲನ್ನು ಬಾಲ ಬದಲಿಸಿ ಇನ್ನೊಮ್ಮೆ ನುಡಿಸಿದೆ. ಚಾಪೆಯ ಮೇಲಿದ್ದ ಹೆಂಗಸರು ಪದ ನೆನಪಿಸಿಕೊಂಡು ತಿರುಗಿ ಹಾಡಿದರು. ಆಮೇಲೆ ಎಲ್ಲರೂ. ಪ್ರತಿ ಸಾಲಿಗೆ ಮುಂಚೆ ಅಪ್ಪ ಬಾಗಿ ಕಿವಿಯಲ್ಲಿ ಪದ ಹೇಳುತ್ತಿದ್ದರು, ನಾನು ನುಡಿಸುತ್ತಿದ್ದೆ. ಕೊನೆಗೆ "ಈಗ ನಿನ್ನದು" ಎಂದರು. ಅದೇ ಐದು ಸ್ವರಗಳಲ್ಲಿ ನನ್ನದೇ ಒಂದು ಪುಟ್ಟ ಸಾಲು ಕಟ್ಟಿದೆ. ಪದವಿಲ್ಲದಿದ್ದರೂ ಜನ ಅದನ್ನು 'ಆ' ಎಂದು ಹಾಡಿದರು.

ಮಂಗಳಾರತಿಯಾದ ಮೇಲೆ ಆ ಹಿರಿಯರು ನಗುತ್ತ ಬಂದು ನನ್ನ ಬೆನ್ನು ತಟ್ಟಿದರು. "ಭಾರೀ ಲಾಯ್ಕ್ ಆಯ್ತು. ಇನ್ನು ನೀನೇ ಎದುರು ಕೂತ್ಕೊ, ಆಯ್ತಾ?" ಪಕ್ಕದಲ್ಲೇ ಇದ್ದ ಅಪ್ಪನ ಕಡೆ ಅವರ ಕಣ್ಣು ಹೊರಳಲೇ ಇಲ್ಲ.

"ಹೇಳಿಕೊಟ್ಟದ್ದು ಅಪ್ಪ!" ಎಂದು ಕೂಗಿಯೇಬಿಟ್ಟೆ. ಅಪ್ಪ ಗಾಬರಿಯಿಂದ ಎದ್ದು ನಿಂತರು. ಅವರ ಕುರ್ಚಿಯನ್ನು ಕಿರ್ರೆಂದು ಎಳೆದುಕೊಂಡು ಹೋಗಿ ಎದುರು, ಭಜನೆ ಹೇಳಿಕೊಡುವವರ ಹಾರ್ಮೋನಿಯಂ ಪಕ್ಕ ಇಟ್ಟೆ.

ಅಪ್ಪ ನಾಚುತ್ತಲೇ ತಾಳವನ್ನು ಆ ಹಿರಿಯರ ಕೈಗೆ ಕೊಟ್ಟು, ನಡೆದು ಬಂದು ಕೂತರು.